ಹುಳಿಯ ಡಬ್ಬಿ ಮಾತ್ರ ತೊಳೆದು ಬರುತ್ತಿತ್ತು

೨೦೦೯ರ ಜೂನ್ ೧೫, ಸೋಮವಾರ, ಬೆಳಿಗ್ಗೆ ೬.೧೦. ಡೊಂಬಿವಲಿಯ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅಪ್ಪ, ನಾಳೆಯಿಂದ ತನಗೂ ಊಟದ ಡಬ್ಬಿ ಕಟ್ಟಬೇಕೆಂದು ಅಮ್ಮನಿಗೆ ಹೇಳಿದರು. ನಾನಾಗ ಎಂಟನೇ ಕ್ಲಾಸು. ಎಲ್ಲವನ್ನೂ ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸ ಆಗಲೇ ಇತ್ತು. ಇದನ್ನೂ ಬರೆದು, ಪಕ್ಕದಲ್ಲೊಂದು ಪ್ರಶ್ನೆಯ ಗುರುತು ಹಾಕಿದೆ.

ಯಾಕೆಂದರೆ ಅಪ್ಪ ಕೆಲಸ ಮಾಡುತ್ತಿದ್ದದ್ದೇ ಹೋಟೆಲಿನಲ್ಲಿ. ಠಾಣೆ ಸ್ಟೇಷನ್ ಹತ್ತಿರ, ನಮ್ಮ ಉಡುಪಿ ಕಡೆಯವರೇ ನಡೆಸುತ್ತಿದ್ದ ಶಾಕಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಕೆಲಸದವರ ಊಟವೂ ಅಲ್ಲೇ. ಮದುವೆಯಾದಂದಿನಿಂದ ಅಮ್ಮನಿಗಿದ್ದ ಕೊರಗು ಅದೊಂದೇ. ಬುಧವಾರದ ರಜೆಯಲ್ಲಿ ಮನೆಯಲ್ಲಿ ಉಂಡರೂ ಅಪ್ಪ ಹಾಕಿದ್ದನ್ನು ತಿಂದು ಕೈ ತೊಳೆಯುತ್ತಿದ್ದರು. ಚೆನ್ನಾಗಿದೆ ಎಂದದ್ದಿಲ್ಲ, ಚೆನ್ನಾಗಿಲ್ಲ ಎಂದದ್ದೂ ಇಲ್ಲ.

ಅಂಥವರು ಡಬ್ಬಿ ಕೇಳಿದ್ದರು. ಅಮ್ಮ ಮರುದಿನದಿಂದಲೇ ಐದೂವರೆಗೆ ಏಳುವುದನ್ನು ಬಿಟ್ಟು ನಾಲ್ಕೂವರೆಗೆ ಎದ್ದಳು. ಪೌಡರು ಹಾಕದೆ, ಕೊತ್ತಂಬರಿ, ಮೆಂತೆ, ಮೆಣಸನ್ನು ಹುರಿದು ತೆಂಗಿನಕಾಯಿಯ ಜೊತೆ ಅರೆದೇ ಹುಳಿ ಮಾಡಿದಳು. ಮಿಕ್ಸಿಯ ಸದ್ದಿಗೆ ಪಕ್ಕದ ಮನೆಯವರು ಎರಡು ಸಲ ಬಾಗಿಲು ಬಡಿದರು. ಅಮ್ಮ ನಗುತ್ತಲೇ ಕ್ಷಮೆ ಕೇಳಿದಳು. ಅವಳು ಬೆಳಿಗ್ಗೆ ಹಾಗೆ ನಗುವುದನ್ನು ನಾನು ಮೊದಲು ಕಂಡಿರಲಿಲ್ಲ.

ಅಪ್ಪ ಆ ಹುಳಿಯನ್ನು ಉಣ್ಣುತ್ತಿಲ್ಲ ಎಂಬ ಅನುಮಾನ ನನಗೆ ಎರಡನೇ ವಾರ ಬಂತು. ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್. ಅನ್ನದ ಡಬ್ಬಿಯಲ್ಲಿ ಅಗುಳು ಒಣಗಿರುತ್ತಿತ್ತು, ಪಲ್ಯದ್ದರಲ್ಲಿ ಸಾಸಿವೆ ಅಂಟಿರುತ್ತಿತ್ತು. ಹುಳಿಯದು ಮಾತ್ರ ಫಳಫಳ ತೊಳೆದು, ನಮ್ಮ ಮನೆಯದಲ್ಲದ ಸೋಪಿನ ವಾಸನೆಯೊಂದಿಗೆ ಬರುತ್ತಿತ್ತು. ಜುಲೈಯಲ್ಲಿ ಐದು ಬುಧವಾರ ಕಳೆದರೆ ಇಪ್ಪತ್ತಾರು ದಿನ. ಇಪ್ಪತ್ತಾರೂ ದಿನ ಹಾಗೇ.

ಅಪ್ಪನನ್ನು ಕೇಳಿದೆ.

"ಸೋರ್ತದೆ ಮಾರಾಯ್ತಿ ಅದು. ಅದಕ್ಕೆ ಅಲ್ಲೇ ತೊಳೀತೇನೆ."

"ಕುಛ್ ಭೀ, ಪಪ್ಪಾ," ಬಾಯಿಗೆ ಬಂದದ್ದು ಹೇಳ್ತೀರಿ ಎಂದು ಹಿಂದಿಯಲ್ಲೇ ಅಂದೆ. ಆಗ ನನ್ನ ಕನ್ನಡವೆಲ್ಲ ಕೇಳುವುದಕ್ಕೆ ಮಾತ್ರ.

ಆ ಡಬ್ಬಿಯಲ್ಲಿ ನೀರು ತುಂಬಿಸಿ ಒಂದು ಗಂಟೆ ತಲೆಕೆಳಗಾಗಿ ಇಟ್ಟು ನೋಡಿದೆ. ಒಂದು ಹನಿಯೂ ಸೋರಲಿಲ್ಲ.

ಇನ್ನೊಂದು ವಿಷಯ ಅದಕ್ಕಿಂತ ಕೆಟ್ಟದಾಗಿತ್ತು. ಅಪ್ಪ ಮನೆಗೆ ಬಂದ ಕೂಡಲೇ ಅಮ್ಮ, ಹುಳಿ ಹೇಗಿತ್ತೆಂದು ಕೇಳುವಳು. ಜನ್ಮದಲ್ಲಿ ರುಚಿಯ ಮಾತಾಡದ ಅಪ್ಪ, ಉಪ್ಪು ಒಂದು ಚೂರು ಮುಂದೆ ಇತ್ತು, ಹುಣಸೆ ಸಾಲಲಿಲ್ಲ ಎಂದೆಲ್ಲ ಲೆಕ್ಕ ಒಪ್ಪಿಸಿದಂತೆ ಹೇಳುತ್ತಿದ್ದರು. ಜೂನ್ ೨೯ರಂದು, ಸ್ವಲ್ಪ ಬೆಲ್ಲ ಹಾಕು ಎಂದೂ ಹೇಳಿದರು. ಬೆಲ್ಲ ಹಾಕಿದ ಹುಳಿ ಹೋಟೆಲಿನದು. ನಮ್ಮ ಮನೆಯಲ್ಲಿ ಯಾರಿಗೂ ಸೇರುತ್ತಿರಲಿಲ್ಲ. ಅಮ್ಮ ಮಾತ್ರ ಅಪ್ಪನ ಒಂದೊಂದು ಮಾತಿಗೂ ಅರಳುತ್ತಿದ್ದಳು. ಅಪ್ಪ ಅದನ್ನು ಚೆಲ್ಲುತ್ತಿದ್ದಾರೋ, ಬೇರೆ ಯಾರಿಗೋ ಕೊಡುತ್ತಿದ್ದಾರೋ ಎಂದು ತಿಳಿಯದೆ ಅಮ್ಮನಿಗೆ ಹೇಳುವಂತಿರಲಿಲ್ಲ. ತಿಳಿದ ಮೇಲೆ ಹೇಳುವ ಧೈರ್ಯ ಬರುತ್ತದೆ ಎಂಬ ನಂಬಿಕೆಯೂ ಇರಲಿಲ್ಲ.

ಆಗಸ್ಟ್ ೮, ಶನಿವಾರ, ಶಾಲೆಗೆ ರಜೆ. ನನಗೆ ಬೂಟು ಕೊಳ್ಳಲು ಅಮ್ಮನೂ ನಾನೂ ಠಾಣೆಗೆ ಹೋದೆವು. ಹೋಟೆಲಿಗೆ ಹೋಗಿ ಇಡ್ಲಿ ತಿನ್ನೋಣ ಎಂದವಳು ಅಮ್ಮನೇ. ಹನ್ನೊಂದಕ್ಕೆ ಐದು ನಿಮಿಷ. ಗಲ್ಲಾದಲ್ಲಿ ಅಪ್ಪ ಇರಲಿಲ್ಲ. ನಾನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಅಡುಗೆಮನೆಯಲ್ಲಿ ಮಧ್ಯಾಹ್ನದ ಹುಳಿಯ ಹಂಡೆ ಕುದಿಯುತ್ತಿತ್ತು. ಅಡುಗೆ ಭಟ್ಟರು ಮೊದಲ ಸೌಟನ್ನು ದೇವರ ಪಟದ ಮುಂದಿಟ್ಟು ಬಂದು, ಹಬೆಯನ್ನು ಅಂಗೈಯಿಂದ ಮೂಗಿನ ಕಡೆ ಎಳೆದುಕೊಂಡರು. ಆಮೇಲೆ ಸುಮ್ಮನೆ ಅಪ್ಪನ ಮುಖ ನೋಡಿದರು. ಅಪ್ಪ ನಮ್ಮ ಡಬ್ಬಿಯಿಂದ ಒಂದು ಚಮಚ ಹುಳಿಯನ್ನು ಅಂಗೈಗೆ ಬಿಟ್ಟು ನೆಕ್ಕಿದರು. ಕೈ ತೊಳೆದು, ಹಂಡೆಯದನ್ನೂ ಹಾಗೇ ನೋಡಿದರು. ಒಂದು ಬೆರಳೆತ್ತಿದರು. ಭಟ್ಟರು ಒಂದು ಹಿಡಿ ಉಪ್ಪು ಹಾಕಿದರು. ಡಬ್ಬಿಯಲ್ಲಿ ಉಳಿದದ್ದನ್ನು ಅಪ್ಪ ಹಂಡೆಗೇ ಸುರಿದು, ಖಾಲಿ ಡಬ್ಬಿಯನ್ನು ತೊಳೆಯುವ ಪಾತ್ರೆಗಳ ನಡುವೆ ಇಟ್ಟರು.

ಆಗ ನನ್ನನ್ನು ಕಂಡರು. ಬದಿಗೆ ಕರೆದು ವಿಷಯ ಹೇಳಿದರು.

ಭಟ್ಟರು ದೇವಸ್ಥಾನದ ಅಡುಗೆಯಲ್ಲಿ ಪಳಗಿದವರು. ಅವರ ಪದ್ಧತಿಯಲ್ಲಿ ಒಲೆಯ ಮೇಲಿನದನ್ನು ರುಚಿ ನೋಡುವಂತಿಲ್ಲ. ಉಪ್ಪು ಹುಳಿ ಎಲ್ಲ ಹಬೆಯಲ್ಲೇ ತಿಳಿಯಬೇಕು. ಆ ಮೇ ತಿಂಗಳ ಜ್ವರದಲ್ಲಿ ಅವರ ಮೂಗಿಗೆ ವಾಸನೆ ತಿಳಿಯುವುದೇ ನಿಂತುಹೋಗಿತ್ತು. ಮಾಲೀಕರಿಗೆ ಗೊತ್ತಾದರೆ ಊರಿಗೆ ಕಳಿಸುತ್ತಾರೆ.

"ನಂಗೆ ರುಚಿ ನೆನಪಿರುದಿಲ್ಲ," ಎಂದರು ಅಪ್ಪ ಮೆಲ್ಲಗೆ. "ಟೇಲರಿಗೆ ಅಳತೆಯ ಅಂಗಿ ಕೊಟ್ಟ ಹಾಗೆ, ಬದಿಯಲ್ಲಿ ಸರಿಯಾದ್ದೊಂದು ಬೇಕು. ಅಮ್ಮನಿಗೆ ಹೇಳ್ಬೇಡ."

ಟೇಬಲ್ಲಿಗೆ ಬಂದಾಗ ಅಮ್ಮನ ಇಡ್ಲಿ ಅರ್ಧ ಮುಗಿದಿತ್ತು. ಅವಳು ಕೂತ ಕುರ್ಚಿ ಅಡುಗೆಮನೆಯ ಬಾಗಿಲಿಗೆ ನೇರ. ಅಪ್ಪ ಬಂದು, ಹೇಳದೆ ಕೇಳದೆ ಬಂದದ್ದೇಕೆಂದು ಗೊಣಗಿದರು. ಅಮ್ಮ ಆಗಷ್ಟೇ ಹಂಡೆಯಿಂದ ತಂದಿಟ್ಟ ಬಟ್ಟಲಿನ ಹುಳಿಯನ್ನು ಚಮಚದಲ್ಲಿ ಕಲಕಿ ರುಚಿ ನೋಡಿದಳು.

"ಇವತ್ತು ಉಪ್ಪು ಸರಿ ಉಂಟು."

"ಯಾವುದರಲ್ಲಿ?"

"ಎರಡರಲ್ಲೂ."

ಅಪ್ಪ ಗಲ್ಲಾಕ್ಕೆ ಹೋಗಿ ಕೂತರು. ಮರುದಿನ ಬೆಳಿಗ್ಗೆಯೂ ಅಮ್ಮ ನಾಲ್ಕೂವರೆಗೇ ಎದ್ದಳು. ಹುಳಿಗೆ ಇನ್ನೂ ದೊಡ್ಡ ಡಬ್ಬಿ ತೆಗೆದಳು. ಅಂದಿನಿಂದ ಹುಳಿ ಹೇಗಿತ್ತೆಂದು ಕೇಳಲೇ ಇಲ್ಲ. ನಾನು ವರ್ಷದ ಕೊನೆಯವರೆಗೂ ಎಣಿಸಿದ್ದೇನೆ: ಸೊನ್ನೆ. ಬದಲಿಗೆ ಬಾಗಿಲಲ್ಲಿ, ಇವತ್ತು ಖಾರ ಸ್ವಲ್ಪ ಮುಂದೆ, ಭಟ್ಟರಿಗೆ ಹೇಳಿ ಎನ್ನುತ್ತಿದ್ದಳು.

ನನ್ನ ಅನುಮಾನ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಳೆದ ವರ್ಷ ಹಳೆಯ ನೋಟ್‌ಬುಕ್ ತೆಗೆದಾಗ ಒಂದು ಸಾಲು ಕಂಡಿತು: "ಜೂನ್ ೨೦, ಶನಿವಾರ. ಹುಳಿ ಸಿಹಿ. ಛೀ." ಅಪ್ಪ ಬೆಲ್ಲ ಹಾಕಲು ಹೇಳಿದ್ದು ಅದಾಗಿ ಒಂಬತ್ತು ದಿನಕ್ಕೆ. ಹಾಗಾದರೆ ಡಬ್ಬಿ ಕಟ್ಟತೊಡಗಿದ ಐದನೇ ದಿನವೇ ಅಮ್ಮ ಯಾರಿಗಾಗಿ ಬೆಲ್ಲ ಹಾಕಿದಳು? ಪ್ರತಿದಿನ ಅಷ್ಟು ಅರಳುತ್ತಿದ್ದದ್ದು ಗೊತ್ತಿಲ್ಲದೆಯೋ, ಗೊತ್ತಿದ್ದೋ? ಅಪ್ಪ ಅದಕ್ಕೂ ಮೊದಲು ತಾನು ಏನೂ ಹೇಳಿಲ್ಲವೆಂದು ಆಣೆ ಮಾಡುತ್ತಾರೆ. ಅಮ್ಮನನ್ನು ಕೇಳಿದರೆ, ನಿನ್ನ ಪುಸ್ತಕದಲ್ಲಿ ತಾರೀಕು ತಪ್ಪಿರಬೇಕು ಎನ್ನುತ್ತಾಳೆ. ನನ್ನ ತಾರೀಕು ತಪ್ಪುವುದಿಲ್ಲ.

ಉಳಿದವರು ಭಟ್ಟರು. ೨೦೧೨ರಲ್ಲಿ ಅವರು ಹೋಟೆಲು ಬಿಟ್ಟರು. ಅಂಬರನಾಥದ ಕಡೆ ಯಾವುದೋ ಕ್ಯಾಂಟೀನಿನಲ್ಲಿ ಕಂಡವರಿದ್ದಾರೆ. ಹಬೆಯನ್ನು ಮೂಗಿಗೆ ಎಳೆದುಕೊಂಡು ಆಮೇಲೆ ಇನ್ನೊಬ್ಬರ ಮುಖ ನೋಡುವ ಅಡುಗೆಯವರನ್ನು ನೀವು ಎಲ್ಲಾದರೂ ಕಂಡಿದ್ದರೆ ನನಗೆ ಬರೆಯಿರಿ. ಸಾಧ್ಯವಾದರೆ ಒಂದು ಪ್ರಶ್ನೆಯನ್ನೂ ಕೇಳಿ: ೨೦೦೯ರ ಜೂನ್ ಇಪ್ಪತ್ತಕ್ಕಿಂತ ಮೊದಲು ಅವರು ನಮ್ಮ ಮನೆಗೆ ಫೋನ್ ಮಾಡಿ ಅಮ್ಮನ ಹತ್ತಿರ ಮಾತಾಡಿದ್ದರೇ? ಉತ್ತರದ ಜೊತೆ, ಕೇಳಿದ ತಾರೀಕನ್ನೂ ದಯವಿಟ್ಟು ಹಾಕಿ.