ಐದು ಖಣದ ಝಾಲರಿ

ಉಡಿ ತುಂಬಿದ ಕುಪ್ಪಸದ ಖಣ ಹೆಣ್ಣುಮಗಳ ಸ್ವಂತದ್ದು ಎಂದು ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಅದು ಸುಳ್ಳೆಂದು ನನಗೆ ತಿಳಿದದ್ದು ಯುದ್ಧದ ಕಾಲದಲ್ಲಿ, ಬಟ್ಟೆಗೆ ಕಂಟ್ರೋಲ್ ಬಂದಿದ್ದಾಗ, ವಿಜಾಪುರದ ಜೋರಾಪುರ ಪೇಟೆಯ ಅತ್ತೆಮನೆಯಲ್ಲಿ.

ಮದುವೆಯಾದ ಮೇಲೆ ಟಿಕೋಟಾದ ತವರಿಗೆ ಐದು ಸಲ ಹೋಗಿಬಂದಿದ್ದೆ. ಪ್ರತಿ ಸಲ ಹೊರಡುವಾಗ ಅವ್ವ ಉಡಿ ತುಂಬಿ ಒಂದೊಂದು ಖಣ ಕೊಟ್ಟಿದ್ದಳು. ತೊಟ್ಟ ಕುಪ್ಪಸ ಹರಿದಿದ್ದರೂ ಅವನ್ನು ಹೊಲಿಸದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಆ ಮನೆಯಲ್ಲಿ ಕೊಡದಿಂದ ಪೊರಕೆಯವರೆಗೆ ಎಲ್ಲವೂ ಅತ್ತೆಯದು. ನನ್ನದು ಅನ್ನುವುದು ಒಂದಾದರೂ ಕಣ್ಣಿಗೆ ಬೀಳಲಿ ಎಂಬ ಹಟದಿಂದ ಪಡಸಾಲೆಯ ಕಿಟಕಿಗೆ ಝಾಲರಿ ಹೊಲಿಯಲು ಕುಳಿತೆ.

ಮೆಷಿನ್ ಇರಲಿಲ್ಲ, ಎಲ್ಲ ಕೈಹೊಲಿಗೆ. ಐದು ಖಣಗಳನ್ನು ಸಾಲಾಗಿ ಜೋಡಿಸಿದೆ. ಲಂಗಕ್ಕೆ ಲಾಡಿ ಪೋಣಿಸಲು ಮಡಿಸುತ್ತೇವಲ್ಲ, ಹಾಗೆ ಮೇಲಂಚು ಮಡಿಸಿ ಹೊಲಿದು, ದಾರ ಪೋಣಿಸಿ, ನಿರಿಗೆ ಎಳೆದೆ. ಒಂದು ಖಣಕ್ಕೆ ಅವ್ವನ ಕೈಯಿಂದ ಕುಂಕುಮ ಚೆಲ್ಲಿ ಕಲೆಯಾಗಿತ್ತು. ತೊಳೆದರೂ ಹೋಗಿರಲಿಲ್ಲ. ಕಲೆ ಬೀದಿಯ ಕಡೆಗಿರಲಿ ಎಂದು ಅದೊಂದನ್ನು ಉಲ್ಟಾ ಮಾಡಿ ಹೊಲಿದೆ. ಅತ್ತೆ ನೋಡಿ, ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಮುಂದಿನ ವಾರ ನಾದಿನಿಯನ್ನು ನೋಡಲು ಬಬಲೇಶ್ವರದಿಂದ ಗಂಡಿನ ಕಡೆಯವರು ಬಂದರು. ಕನ್ಯೆ ನೋಡಲು ಬಂದವರು ಹುಡುಗಿಯ ಕೈಕೆಲಸ ಕೇಳುವುದು ರೂಢಿ. ನಮ್ಮ ನಾದಿನಿಗೆ ಸೂಜಿಗೆ ದಾರ ಪೋಣಿಸುವುದೂ ಬೇಸರ. ಹುಡುಗನ ತಾಯಿ ಕಿಟಕಿ ನೋಡಿದರು.

"ಇದನ್ನ ಯಾರು ಹೊಲದಾರ್ರಿ?"

"ಮತ್ಯಾರ್ರಿ, ನಮ್ಮ ಹುಡುಗೀನ," ಅಂದರು ಅತ್ತೆ. "ಆಕಿ ಕೈ ಭಾಳ ಚೊಕ್ಕ ಐತ್ರಿ."

ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಮೈಯೆಲ್ಲ ಉರಿಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಗಂಡನ ಮುಖ ನೋಡಿದೆ. ಎಲ್ಲ ಗೊತ್ತಿದ್ದ ಮಹಾನುಭಾವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಆ ತಾಯಿ ಎದ್ದು ಹೋಗಿ ಝಾಲರಿಯನ್ನು ಮುಟ್ಟಿ ನೋಡಿದರು. "ಇದೊಂದು ಖಣ ಯಾಕ ಉಲ್ಟಾ ಹಚ್ಚೀಯವಾ?" ಎಂದು ನಾದಿನಿಯನ್ನು ಕೇಳಿದರು. ಅವಳು ನೆಲ ನೋಡಿದಳು. ಈಗಾದರೂ ನಿಜ ಹೊರಬೀಳುತ್ತದೆ ಅಂದುಕೊಂಡೆ. ಅತ್ತೆ ಕಣ್ಣು ಕೂಡ ಮಿಟುಕಿಸಲಿಲ್ಲ.

"ಅದೊಂದು ನಮ್ಮ ಸೊಸಿ ಹೊಲದಾಳ್ರಿ. ಟಿಕೋಟಾದಾಕಿ. ಆಕಿಗೆ ಉಲ್ಟಾ ಸುಲ್ಟಾ ತಿಳಿಯಂಗಿಲ್ಲ."

ಎಲ್ಲರೂ ನಕ್ಕರು. ನಾನು ಅವಲಕ್ಕಿ ಕೊಟ್ಟೆ.

ಸಂಬಂಧ ಕುದುರಿತು. ಬೀಗರು ಮೆಚ್ಚಿದ ವಸ್ತು ಹುಡುಗಿಯ ಜೊತೆ ಹೋಗದಿದ್ದರೆ ಹೇಗೆ? ಮದುವೆಯ ಮುನ್ನ ಅತ್ತೆ ಝಾಲರಿ ಇಳಿಸಿದರು. ಮಗಳ ಟ್ರಂಕಿಗೆ ಹಾಕುವ ಮೊದಲು ಉಲ್ಟಾ ಖಣದ ಹೊಲಿಗೆ ಬಿಚ್ಚಿ, ಅದೊಂದನ್ನು ದೊಡ್ಡ ನ್ಯಾಯವಂತರಂತೆ ನನ್ನೆದುರು ಹಿಡಿದರು.

"ತಗೋ, ಇದು ನಿಂದು. ಮಂದಿ ವಸ್ತು ನಮಗ್ಯಾಕ ಬೇಕ?"

ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ. "ಹೂನ್ರಿ ಅತ್ತಿ," ಅಂದೆ ಬೇರೆ.