ಗಾಜಿನ ಆಚೆಯ ಕುರ್ಚಿ

ನಮ್ಮ ವರ್ಕ್‌ಶಾಪಿಗೂ ಗಿರಾಕಿಗಳು ಕೂರುವ ಹಾಲಿಗೂ ನಡುವೆ ಒಂದು ದೊಡ್ಡ ಗಾಜು ಇತ್ತು. ಆಚೆ ಕಡೆ ಏಸಿ, ಸೋಫಾ, ಟಿವಿ, ಸರ್ವಿಸ್ ಅಡ್ವೈಸರನ ಮೇಜು. ಈಚೆ ಕಡೆ ಮೆಕ್ಯಾನಿಕ್‌ಗಳಾದ ನಾವು, ಎಣ್ಣೆ ಮತ್ತು ಸೆಖೆ. ಕಾಸರಗೋಡು ಪೇಟೆ ದಾಟಿ ಉತ್ತರಕ್ಕೆ ಹೈವೇ ಬದಿಯಲ್ಲಿದ್ದ ಆ ಕಾರು ಷೋರೂಮಿನಲ್ಲಿ ನಾನು ಎಷ್ಟೋ ವರ್ಷದಿಂದ ಈಚೆ ಕಡೆಯವನು. ಆಚೆ ಕಡೆಯವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಕಾರಣ ಆ ಅಡ್ವೈಸರ್. ಗಾಡಿ ತಂದವರ ದೂರು ಕೇಳಿ, ಕಾರ್ಡಿನಲ್ಲಿ ಬರೆದು, ಗಾಜಿನ ಬಾಗಿಲಿನಿಂದ ನಮಗೆ ದಾಟಿಸುವುದು ಅವನ ಕೆಲಸ. ಸಂಜೆ ಗಾಡಿ ಕೊಡುವಾಗ ನಗುವುದೂ ಅವನದೇ ಕೆಲಸ. ನಗುವುದನ್ನು ಚೆನ್ನಾಗಿಯೇ ಮಾಡುತ್ತಿದ್ದ. ಬರೆಯುವುದು ಮಾತ್ರ ದೇವರಿಗೇ ಪ್ರೀತಿ. ಒಮ್ಮೆ ‘ಬ್ರೇಕಿನಲ್ಲಿ ಶಬ್ದ’ ಎಂದು ಬರೆದು ಕಳಿಸಿದ. ನಾನು ನಾಲ್ಕೂ ಚಕ್ರ ಬಿಚ್ಚಿ, ಅರ್ಧ ದಿನ ಬೆವರು ಸುರಿಸಿ, ಕೊನೆಗೆ ನೋಡಿದರೆ ಸೀಟಿನ ಅಡಿಯಲ್ಲಿ ತೆಂಗಿನೆಣ್ಣೆಯ ಕುಪ್ಪಿ ಉರುಳುತ್ತಿತ್ತು. ಗಿರಾಕಿ ಹೇಳಿದ್ದು ಬ್ರೇಕ್ ಒತ್ತುವಾಗ ಹಿಂದಿನಿಂದ ಏನೋ ಬಂದು ಕಾಲಿಗೆ ತಾಗುತ್ತದೆ ಎಂದಂತೆ. ಆ ದಿನ ನಾನು ಗಾಜಿನ ಬಾಗಿಲು ತೆರೆದು ಅವನಿಗೆ ಬೈದ ಬೈಗುಳ ಸೋಫಾದಲ್ಲಿದ್ದವರಿಗೆಲ್ಲ ಕೇಳಿಸಿತು. ಟಿವಿಯ ಶಬ್ದ ಜೋರು ಮಾಡಿದರೂ ಪ್ರಯೋಜನವಾಗಲಿಲ್ಲ.

ಹಾಗಿರುವಾಗ ಆ ಮಹಾರಾಯನಿಗೆ ಕುವೈತಿನ ವೀಸಾ ಸಿಕ್ಕಿತು, ಹೊರಟುಹೋದ. ನಾನು ಖುಷಿಯಲ್ಲಿದ್ದೆ. ಆಗ ಮ್ಯಾನೇಜರು ನನ್ನನ್ನು ಕರೆದರು. ಅವರು ತ್ರಿಶೂರು ಕಡೆಯವರು, ಮಲಯಾಳ ಬಿಟ್ಟರೆ ನಮ್ಮೂರಿನ ಯಾವ ಮಾತೂ ಗೊತ್ತಿಲ್ಲ. ಸೋಫಾದಲ್ಲಿ ಕೂತವರು ಒಬ್ಬರು ತುಳುವಿನಲ್ಲಿ, ಒಬ್ಬರು ಬ್ಯಾರಿಯಲ್ಲಿ, ಇನ್ನೊಬ್ಬರು ಕೊಂಕಣಿಯಲ್ಲಿ ದೂರು ಹೇಳಿದರೆ ಅವರು ಎಲ್ಲರಿಗೂ ಒಂದೇ ರೀತಿ ತಲೆಯಾಡಿಸುತ್ತಿದ್ದರು.

“ನಿನಗೆ ತುಳು, ಬ್ಯಾರಿ, ಕನ್ನಡ, ಮಲಯಾಳ, ಕೊಂಕಣಿ ಎಲ್ಲ ಬರುತ್ತದಲ್ಲ,” ಎಂದರು. “ಐದು ಭಾಷೆ ಬರುವವನು ಗಾಡಿಯ ಅಡಿಯಲ್ಲಿ ಯಾಕೆ ಮಲಗಬೇಕು?”

ನಿಯಮ ಒಂದೇ. ಅಡ್ವೈಸರನ ಬಿಳಿ ಅಂಗಿ ಹಾಕಿದ ಮೇಲೆ ಗಾಡಿಯನ್ನು ಮುಟ್ಟಬಾರದು. ನನ್ನ ಜಾಗ ಬೇರೆಯವನಿಗೆ, ನನ್ನ ಸ್ಪಾನರಿನ ಟ್ರಾಲಿಯೂ ಅವನಿಗೆ. ಶನಿವಾರ ಒಂದು ದಿನ ಕುರ್ಚಿಯಲ್ಲಿ ಕೂತು ನೋಡಬಹುದು, ಸೋಮವಾರ ಹೌದು ಅಥವಾ ಅಲ್ಲ ಎನ್ನಬೇಕು. ಹೌದು ಎಂದ ಮೇಲೆ ಕುರ್ಚಿ ಒಗ್ಗದಿದ್ದರೆ ಟ್ರಾಲಿ ವಾಪಸು ಇಲ್ಲ, ಮನೆಯ ದಾರಿ ಹಿಡಿಯಬೇಕು. ಅಲ್ಲ ಎಂದರೆ ತೆಂಕಿನಿಂದ ಯಾರನ್ನೋ ಕರೆಸುತ್ತಾರೆ. ಅವನು ತುಳುವನ್ನೂ ಬ್ಯಾರಿಯನ್ನೂ ಅಂದಾಜಿನಲ್ಲಿ ಕೇಳಿಸಿಕೊಂಡು ಬರೆದ ಕಾರ್ಡನ್ನು ಓದಿ ನಾನೇ ಸಾಯಬೇಕು. ಅತ್ತ ದರಿ, ಇತ್ತ ಪುಲಿ.

ಟ್ರಾಲಿಯ ವಿಷಯ ಹೇಳಿದರೆ ನಿಮಗೆ ನಗು ಬರಬಹುದು. ಆದರೆ ನನಗೆ ಕೆಲಸ ಎಂದರೆ ಅದೇ ಆಗಿತ್ತು. ಬಾನೆಟ್ ಎತ್ತಿ ಒಳಗೆ ಕೈ ಹಾಕಿದರೆ ನನ್ನ ಸಿಟ್ಟೆಲ್ಲ ಇಳಿಯುತ್ತಿತ್ತು. ಎಂಜಿನು ಸುಳ್ಳು ಹೇಳುವುದಿಲ್ಲ, ನಾನು ಅದಕ್ಕೆ ಸುಳ್ಳು ಹೇಳಬೇಕಾಗಿಯೂ ಇಲ್ಲ. ಮನುಷ್ಯರ ಹತ್ತಿರ ಹಾಗಲ್ಲ. ಅಲ್ಲಿ ನಾನು ಬಾಯಿ ತೆರೆದರೆ ಜಗಳವೇ.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಮೀನು ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ.

“ಐದು ಭಾಷೆ ಬರುವುದು ಹೌದು. ಐದರಲ್ಲೂ ನಿಮಗೆ ಬೈಲಿಕ್ಕೆ ಮಾತ್ರ ಬರುವುದು,” ಎಂದಳು.

ಅಮ್ಮನಂತೂ ನನ್ನ ಮದುವೆಯ ಕಥೆಯನ್ನೇ ತೆಗೆದರು. ಹೆಣ್ಣಿನ ಮನೆಯವರು ಎರಡನೇ ಸಲ ಪಾಯಸ ಬಡಿಸಲು ಬಂದಾಗ, ಇದು ತಳ ಹಿಡಿದಿದೆ, ಬೇಡ ಎಂದು ಮದುಮಗನಾದ ನಾನೇ ಹೇಳಿದ್ದೆನಂತೆ. ಹೇಳಿದ್ದೆ. ತಳ ಹಿಡಿದಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರಲ್ಲ, ಮಾವನವರಿಗೆ ಆ ಕೋಪ ಆರಲು ಎರಡು ಓಣಂ ಕಳೆಯಬೇಕಾಯಿತು. ಇಂಥವನನ್ನು ಗಿರಾಕಿಗಳ ಮುಂದೆ ಕೂರಿಸಿದರೆ ಷೋರೂಮಿಗೆ ಬೀಗ ಬೀಳುತ್ತದೆ ಎಂದು ಅಮ್ಮ ಹೇಳಿ ಮುಗಿಸಿದರು. ಆದರೂ ಹೆಂಡತಿ ಆ ಬಿಳಿ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದ್ದನ್ನು ನಾನು ನೋಡಿದೆ. ಅಂಗಿ ಕುವೈತಿಗೆ ಹೋದವನದು. ಅವನು ಕಡ್ಡಿ, ನಾನು ಕಡ್ಡಿಯಲ್ಲ.

ಶನಿವಾರ ಬೆಳಿಗ್ಗೆ ಉಸಿರು ಬಿಗಿಹಿಡಿದು ಕುರ್ಚಿಯಲ್ಲಿ ಕೂತೆ. ಉಸಿರು ಬಿಟ್ಟರೆ ಗುಂಡಿ ಹಾರುತ್ತಿತ್ತು. ಮೊದಲು ಬಂದವರು ಒಬ್ಬ ನಿವೃತ್ತ ಮಾಸ್ಟ್ರು. ಹೊಸ ಗಾಡಿ, ಆಗಲೇ ಕ್ಲಚ್ ಹೋಗಿದೆ, ಕಂಪೆನಿಯವರು ಮೋಸ ಮಾಡಿದ್ದಾರೆ ಎಂದು ಬಹಳ ಹೊತ್ತು ಮಾತಾಡಿದರು. ನಾನು ಅವರು ಗಾಡಿ ನಿಲ್ಲಿಸುವುದನ್ನು ಕಿಟಕಿಯಿಂದಲೇ ನೋಡಿದ್ದೆ. ತಡೆದುಕೊಳ್ಳಲು ಪ್ರಯತ್ನಪಟ್ಟೆ, ನಿಜವಾಗಿ.

“ಕ್ಲಚ್ಚಿನ ಮೇಲೆ ಕಾಲು ಇಟ್ಟೇ ಗಾಡಿ ಬಿಡ್ತೀರಲ್ಲ ಮಾಸ್ಟ್ರೇ,” ಎಂದೆ. “ಅದೆಂತ, ಕಾಲು ಇಡುವ ಮಣೆಯಾ?”

ಮಾಸ್ಟ್ರು ಕೆಂಪಾದರು. ತಾನು ಎಷ್ಟು ಮಂದಿಗೆ ಪಾಠ ಹೇಳಿದವನು ಎಂದು ಶುರುಮಾಡಿದರು. ಮ್ಯಾನೇಜರು ಓಡಿಬಂದು, ಭಾಷೆ ಅರ್ಥವಾಗದಿದ್ದರೂ ಏನು ನಡೆದಿದೆ ಎಂದು ಊಹಿಸಿ, ಅವರನ್ನು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದರು. ಹೋಗುವಾಗ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಗಾಜಿನ ಈಚೆ, ವರ್ಕ್‌ಶಾಪಿನಲ್ಲಿ, ನನ್ನ ಟ್ರಾಲಿಯಿಂದ ಒಬ್ಬ ರಿಂಗ್ ಸ್ಪಾನರ್ ತೆಗೆದು, ಕೆಲಸ ಮುಗಿಸಿ, ಬೇರೆ ಖಾನೆಯಲ್ಲಿ ಹಾಕಿದ. ನನ್ನ ಮೈ ಉರಿಯಿತು. ಸೋಮವಾರ ‘ಅಲ್ಲ’ ಎನ್ನುವುದೆಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಹನ್ನೊಂದರ ಸುಮಾರಿಗೆ ಹೊಸಂಗಡಿ ಕಡೆಯ ಒಂದು ಡೀಸೆಲ್ ಗಾಡಿ ಬಂತು. ಸೀಟಿನ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿರಲಿಲ್ಲ, ಅಂದರೆ ಯಜಮಾನ ಗಲ್ಫಿನಲ್ಲಿ. ಹಿಂದಿನ ಸೀಟಿನಿಂದ ಇಳಿದವರು ಅವನ ತಾಯಿ, ವಯಸ್ಸಾದ ಬ್ಯಾರಿ ಉಮ್ಮ. ಗಾಡಿ ಬಿಟ್ಟುಕೊಂಡು ಬಂದವನು ಅವರ ಮಗಳ ಗಂಡ. ಮುಖ ಸುಟ್ಟ ಬದನೆಕಾಯಿಯಂತೆ ಇತ್ತು. ಅವನು ಕೀಯನ್ನು ನನ್ನ ಮೇಜಿನ ಮೇಲೆ ಕುಕ್ಕಿ, ಉಮ್ಮನಿಂದ ದೂರ ಹೋಗಿ ಕಂಬಕ್ಕೆ ಒರಗಿ ನಿಂತ.

ಉಮ್ಮ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಮಗ ದುಬಾಯಿಯಲ್ಲಿ, ಫೋನು ಸ್ಪೀಕರಿನಲ್ಲಿ. ಮಾತೆಲ್ಲ ಬ್ಯಾರಿಯಲ್ಲಿ ನಡೆಯಿತು. ಎಂಜಿನ್ ಸ್ಟಾರ್ಟ್ ಮಾಡಿ, ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿಯಬೇಕಂತೆ. ಹಿಡಿದೆ. ಅವನು ಅಲ್ಲಿಂದ ಕೇಳಿ, ಇದು ತನ್ನ ಗಾಡಿಯ ಶಬ್ದವೇ ಅಲ್ಲ, ಗಾಡಿಗೆ ಉಸಿರೇ ಇಲ್ಲ ಎಂದ. ಅದು ನಿಜ. ಎಂಜಿನು ದಮ್ಮು ಹಿಡಿದವರ ಹಾಗೆ ಏದುತ್ತಿತ್ತು. ಆಮೇಲೆ ಅವನು ದೊಡ್ಡ ದೂರಿಗೆ ಬಂದ. ಏಸಿ ಹಾಕಿದರೆ ಬೀಡಿ ವಾಸನೆ ಬರುತ್ತದೆಂದು ತಂಗಿ ಹೇಳಿದ್ದಾಳೆ. ತಾನು ಇಲ್ಲದಾಗ ಗಾಡಿ ಓಡಿಸುವುದು ಭಾವ ಒಬ್ಬನೇ. ಉಮ್ಮನ ಎದೆಗೆ ಹೊಗೆಸೊಪ್ಪು ವಿಷ ಎಂದು ಡಾಕ್ಟ್ರು ಹೇಳಿ, ಉಮ್ಮ ಎಲೆಯಡಿಕೆಯನ್ನೇ ಬಿಟ್ಟು ಕೂತಿರುವಾಗ, ಆ ಗಾಡಿಯೊಳಗೆ ಕೂತು ಬೀಡಿ ಸೇದಲು ಅವನಿಗೆ ಮನಸ್ಸು ಹೇಗೆ ಬಂತು?

ಕಂಬದ ಹತ್ತಿರದವನಿಗೆ ಎಲ್ಲ ಕೇಳಿಸುತ್ತಿತ್ತು. ಅವನು ನನ್ನ ಕಡೆಗೆ ತಿರುಗಿ, ಜೀವಮಾನದಲ್ಲಿ ಬೀಡಿ ಮುಟ್ಟಿದವನಲ್ಲ, ಈ ಮಾತು ಕೇಳಿದ ಮೇಲೆ ಹೆಂಡತಿಯ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದಿಲ್ಲ ಎಂದ. ನಮ್ಮ ಕಡೆಯ ಬ್ಯಾರಿಗಳ ಮನೆಯಲ್ಲಿ ಮಗಳ ಗಂಡನೆಂದರೆ ಕೊನೆಯವರೆಗೂ ಹೊಸ ಮದುಮಗನೇ. ಶುಕ್ರವಾರದ ನಮಾಜು ಮುಗಿಸಿ ಅವನು ಬಂದರೆ ಅಕ್ಕಿಯ ಪತ್ತಿರಿ, ಕೋಳಿ, ಸಿಹಿ, ಎಲ್ಲ ಅವನ ಮುಂದೆಯೇ ಮೊದಲು. ಅಂಥವನು ನೀರು ಮುಟ್ಟುವುದಿಲ್ಲ ಎಂದರೆ ಆ ಮನೆಯ ಮರ್ಯಾದೆಯೇ ಬೀದಿಗೆ ಬಿದ್ದ ಹಾಗೆ. ಉಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡು ನೆಲ ನೋಡುತ್ತಿದ್ದರು.

ಮೆಕ್ಯಾನಿಕ್‌ಗಳೆಲ್ಲ ಚಹಾಕ್ಕೆ ಹೋಗಿದ್ದರು. ಬಿಳಿ ಅಂಗಿಯವನು ಗಾಡಿ ಮುಟ್ಟಬಾರದು ಎಂಬ ನಿಯಮ ನೆನಪಿತ್ತು. ಮ್ಯಾನೇಜರು ಒಳಗೆ ಇನ್ನೂ ಮಾಸ್ಟ್ರನ್ನು ತಣಿಸುತ್ತಿದ್ದರು. ಹೇಗೂ ಸೋಮವಾರ ‘ಅಲ್ಲ’ ಎನ್ನುವವನು ನಾನು. ಎಂಜಿನ್ ಆಫ್ ಮಾಡಿ ಬಾನೆಟ್ಟಿಗೆ ಕೈ ಹಾಕಿದೆ.

“ಬೇಡ ಮೋನೆ, ಅದು ಬಿಸಿ ಉಂಟು,” ಎಂದು ಉಮ್ಮ ಓಡಿಬಂದು ಬಾನೆಟ್ಟಿನ ಮೇಲೆ ಕೈ ಇಟ್ಟರು.

ಎಷ್ಟೋ ಬಾನೆಟ್ ಎತ್ತಿದ್ದೇನೆ, ಮಗನೇ ಎಂದು ಕರೆದು ನನ್ನ ಕೈ ಸುಡುತ್ತದೆಂದು ಚಿಂತೆ ಮಾಡಿದ ಗಿರಾಕಿ ಅವರೊಬ್ಬರೇ. ಎತ್ತಿದೆ. ಏರ್ ಫಿಲ್ಟರಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ ಒಂದು ಹೂವಿನ ಬಟ್ಟೆಯ ಗಂಟು ಅಂಟಿಕೊಂಡು ಕೂತಿತ್ತು. ಎಳೆದು ಬಿಚ್ಚಿದೆ. ಹೊಗೆಸೊಪ್ಪು, ಒಳ್ಳೆಯ ಜಾತಿಯದು, ಕಮ್ಮಗೆ ಇತ್ತು. ಅದರೊಳಗೆ ಹೋಳು ಮಾಡಿದ ಅಡಿಕೆ. ಅಡಿಕೆಯ ಜೊತೆಗೆ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ.

ನನಗೆ ಒಂದು ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆ. ಕಪಾಟು, ದಿಂಬು, ಅಕ್ಕಿಯ ಡಬ್ಬ, ಎಲ್ಲ ಕಡೆ ಯಾರಾದರೂ ಕೈ ಹಾಕುತ್ತಾರೆ. ಯಾರೂ ಕೈ ಹಾಕದ ಜಾಗ ಒಂದೇ, ಷೆಡ್ಡಿನಲ್ಲಿ ನಿಂತ ಗಾಡಿಯ ಬಾನೆಟ್ಟು. ಏಸಿಯ ಗಾಳಿ ಆ ಕಡೆಯಿಂದಲೇ ಒಳಗೆ ಹೋಗುವುದು. ಉಮ್ಮ ನನ್ನ ಮುಖ ನೋಡಿದರು. ಎತ್ತಿದ ಬಾನೆಟ್ಟು ಮರೆಯಾಗಿದ್ದರಿಂದ ಕಂಬದ ಹತ್ತಿರದವನಿಗೆ ಏನೂ ಕಾಣುತ್ತಿರಲಿಲ್ಲ.

“ಕಂಪ್ಲೇಂಟ್ ಎಂತ? ಬೀಡಿಯೇ ಅಲ್ಲವಾ?” ಎಂದು ದುಬಾಯಿ ಕೇಳಿತು.

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಉಮ್ಮನ ಕಥೆ ಮುಗಿಯಿತು. ಗೊತ್ತಿಲ್ಲ ಎಂದರೆ ಆ ಬಡಪಾಯಿ ಮದುಮಗ ಬೀಡಿ ಸೇದುವವನಾಗಿಯೇ ಉಳಿಯುತ್ತಾನೆ. ಸುಳ್ಳು ನನಗೆ ಬರುವುದಿಲ್ಲ, ಪಾಯಸದ ದಿನವೂ ಬರಲಿಲ್ಲ. ನನ್ನ ಕೈ ತನ್ನಷ್ಟಕ್ಕೆ ಸುಣ್ಣದ ಡಬ್ಬಿಯನ್ನೂ ಅಡಿಕೆಯನ್ನೂ ಪ್ಯಾಂಟಿನ ಜೇಬಿಗೆ ಹಾಕಿತು. ಇಲಿ ಓಡಿಸಲು ಸುಣ್ಣ ಬೇಡವಲ್ಲ.

“ಬೀಡಿ ಅಲ್ಲ,” ಎಂದೆ. “ಗಾಡಿ ಷೆಡ್ಡಿನಲ್ಲೇ ನಿಂತರೆ ಇಲಿ ಬಂದು ವಯರ್ ಕಡಿಯುತ್ತದೆ. ಅದಕ್ಕೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡುವ ಕ್ರಮ ಉಂಟು. ನಿಮ್ಮ ಗಾಡಿಯಲ್ಲಿ ಹೊಗೆಸೊಪ್ಪು ಉಂಟು. ಜಾಗ ಮಾತ್ರ ತಪ್ಪಿದೆ, ಗಾಡಿ ಉಸಿರು ಎಳೆಯುವ ಬಾಯಿಯಲ್ಲೇ ಉಂಟು.”

ಇದರಲ್ಲಿ ಒಂದು ಸುಳ್ಳು ಇದ್ದರೆ ತೋರಿಸಿ ನೋಡುವಾ.

“ಯಾರು ಇಟ್ಟದ್ದು?”

“ಈ ಗಾಡಿಯ ಮೇಲೆ ತುಂಬಾ ಪ್ರೀತಿ ಇರುವವರು. ನಿಮ್ಮ ಭಾವ ಬೀಡಿ ಸೇದಿಲ್ಲ. ತಗೊಳ್ಳಿ, ಅವರ ಹತ್ತಿರ ನೀವೇ ಮಾತಾಡಿ,” ಎಂದು ಹೋಗಿ ಫೋನನ್ನು ಮದುಮಗನ ಕೈಗೆ ಕೊಟ್ಟೆ.

ಅವನು ಮೊದಲು ಹ್ಞೂಂ ಎಂದ, ಆಮೇಲೆ ಇರಲಿ ಎಂದ, ಆಮೇಲೆ ನಕ್ಕ. ನಾನು ಉಮ್ಮನ ಹತ್ತಿರ ಬಂದೆ. ನನ್ನ ಸಿಟ್ಟೇನೂ ಹೋಗಿರಲಿಲ್ಲ, ಧ್ವನಿ ಇಳಿಸಿದ್ದೆ ಅಷ್ಟೆ. ಈ ವಯಸ್ಸಿನಲ್ಲಿ ನಾಚಿಕೆ ಆಗುವುದಿಲ್ಲವಾ, ಎದೆಗೆ ಆಗುವುದಿಲ್ಲ ಎಂದು ಹೇಳಿದ ಮೇಲೂ ತಿನ್ನುವುದಲ್ಲದೆ ಮನೆಯ ಅಳಿಯನನ್ನು ಉಪವಾಸ ಕೂರಿಸುವುದಾ ಎಂದು ಬ್ಯಾರಿಯಲ್ಲಿ ಚೆನ್ನಾಗಿ ಬೈದೆ. ಉಮ್ಮ ಎಲ್ಲ ಕೇಳಿಸಿಕೊಂಡರು. ಬೈದು ಮುಗಿದ ಮೇಲೆ ಕೇಳಿದರು.

“ಮುಂದಿನ ಸಲವೂ ನೀನೇ ಇರ್ತೀಯಾ ಮೋನೆ?”

“ಇರ್ತೇನೆ,” ಎಂದೆ.

ಕುರ್ಚಿಗೆ ಹೌದು ಎಂದುಬಿಟ್ಟೆ ಎಂದು, ಹೇಳಿದ ಮೇಲೆ ನನಗೇ ಗೊತ್ತಾದದ್ದು. ಗಾಜಿನ ಆಚೆ ನನ್ನ ಟ್ರಾಲಿ ಕಾಣುತ್ತಿತ್ತು. ಮದುವೆಯಾಗಿ ಹೋಗುವ ಹುಡುಗಿಯರು ಯಾಕೆ ಅಳುತ್ತಾರೆಂದು ಅಂದಾಜಾಯಿತು.

ಮನೆಗೆ ಬಂದು ಪ್ಯಾಂಟು ಒಗೆಯಲು ಹಾಕಿದರೆ ಹೆಂಡತಿ ಸುಣ್ಣದ ಡಬ್ಬಿ ಹಿಡಿದುಕೊಂಡು ಬಂದಳು. ಜೇಬೆಲ್ಲ ಬೆಳ್ಳಗಾಗಿತ್ತು. ಎಲೆಯಡಿಕೆ ಯಾವಾಗ ಶುರುಮಾಡಿದ್ದು ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಅವಳು ನಗುತ್ತಾಳೆಂದುಕೊಂಡೆ, ನಗಲಿಲ್ಲ. ಅಂಗಿಯನ್ನು ಒಂದು ಸೈಜು ದೊಡ್ಡದು ಕೇಳಿ ಎಂದಷ್ಟೇ ಹೇಳಿದಳು. ಸೋಮವಾರ ಟ್ರಾಲಿ ಒಪ್ಪಿಸಿದೆ. ಹತ್ತರ ರಿಂಗ್ ಸ್ಪಾನರ್ ಒಂದನ್ನು ಮಾತ್ರ ಒಪ್ಪಿಸಲಿಲ್ಲ. ಅದು ಮೇಜಿನ ಖಾನೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಮಲಗಿತು.

ಮುಂದಿನ ಸರ್ವಿಸಿಗೆ ಉಮ್ಮ ಬಂದರು. ಅಳಿಯ ಈ ಸಲ ದಪ್ಪಗಾಗಿದ್ದ. ಮ್ಯಾನೇಜರು ಎಲ್ಲಿದ್ದಾರೆಂದು ನೋಡಿಕೊಂಡು ಬಾನೆಟ್ ಎತ್ತಿದೆ. ಗಂಟು ಬ್ಯಾಟರಿಯ ಪಕ್ಕದಲ್ಲಿ, ಗಾಳಿಯ ದಾರಿಗೆ ಅಡ್ಡವಿಲ್ಲದ ಹಾಗೆ ಅಚ್ಚುಕಟ್ಟಾಗಿ ಕೂತಿತ್ತು. ಮೊದಲಿನ ಅರ್ಧವೂ ಇರಲಿಲ್ಲ. ಉಮ್ಮ ಕೈ ಚಾಚಿ ಮೆಲ್ಲಗೆ ಸುಣ್ಣದ ಡಬ್ಬಿ ಕೇಳಿದರು. ಅದು ಅವರ ಉಮ್ಮನದಂತೆ.

“ತಿನ್ನುವುದು ಪೂರ್ತಿ ಬಿಟ್ಟ ದಿನ ಕೊಡ್ತೇನೆ,” ಎಂದೆ.

“ಬಿಟ್ಟ ಮೇಲೆ ಅದು ನನಗೆ ಎಂತಕ್ಕೆ ಮೋನೆ?” ಎಂದರು.

ಐದು ಭಾಷೆಯಲ್ಲೂ ಬೈದು ಮುಗಿಸಿದೆ. ಖಾನೆ ತೆರೆದು ಡಬ್ಬಿಯನ್ನು ಅವರ ಕೈಯಲ್ಲಿಟ್ಟೆ.