ನನ್ನ ಗಂಡನ ಅನುಮಾನ, ಗೇಟಿನ ಐರಿಷ್ ಸಿಪಾಯಿ

ನನ್ನ ಗಂಡ ಕಾಸ್ಮಿರ್ ಅವರಿಗೆ ದೇವರು ಎರಡು ಕಣ್ಣು ಕೊಟ್ಟದ್ದು ಸಾಲದೆಂದು ಅನುಮಾನವನ್ನೂ ಕೊಟ್ಟಿದ್ದಾನೆ. ನಮ್ಮೂರು ಮೂಡುಬೆಳ್ಳೆಗೆ ನನ್ನನ್ನು ನೋಡಲು ಬಂದ ದಿನ ನಮ್ಮಮ್ಮ ಕೊಟ್ಟ ಕಾಫಿಯನ್ನು ಮೂಸಿ ನೋಡಿ ಕುಡಿದ ಆಸಾಮಿ ಅವರು. ಮದುವೆಯಾಗಿ ದೋಹಾಕ್ಕೆ ಬಂದ ಮೇಲೂ ಅಷ್ಟೇ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಕಾರಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡುತ್ತಾರೆ. ಸ್ಟೋರ್‌ಕೀಪರ್ ಎಂದರೆ ಹೀಗಿರಬೇಕು ಎಂದು ಕಂಪನಿಯವರು ಹೊಗಳುತ್ತಾರೆ. ಹೊಗಳುವವರಿಗೇನು, ಸಂಸಾರ ಮಾಡುವವಳು ನಾನು!

ಇದು ಎರಡು ಸಾವಿರದ ಆರರ ಮಾತು. ಆಗಿನ್ನೂ ದೋಹಾದಲ್ಲಿ ಇಗರ್ಜಿ, ಎಂದರೆ ಚರ್ಚು, ಎದ್ದಿರಲಿಲ್ಲ. ಶುಕ್ರವಾರ ರಜೆ, ಅವತ್ತೇ ಯಾರದಾದರೂ ಮನೆಯ ಹಾಲ್‌ನಲ್ಲಿ ಫಾದರ್ ಬಂದು ಮಾಡುವ ಬಲಿಪೂಜೆ. ಅಲ್ ಹಿಲಾಲ್‌ನ ನಮ್ಮ ವಿಲ್ಲಾದ ಕೆಳಗಿನ ಭಾಗ ದೊಡ್ಡದಿದ್ದ ಕಾರಣ ನಮ್ಮಲ್ಲೇ ಹೆಚ್ಚು. ಹಾಡು ತಗ್ಗಿದ ದನಿಯಲ್ಲಿ, ಕಾರುಗಳು ದೂರದಲ್ಲಿ, ಚಪ್ಪಲಿಗಳು ಒಳಗೆ. ಸುದ್ದಿಯೂ ಬಾಯಿಂದ ಬಾಯಿಗೆ ಮಾತ್ರ: ನಾವು ಕಂಪನಿಯ ಗೆಳೆಯ ನೊರ್ಬರ್ಟ್‌ಗೆ ಹೇಳಿದರೆ ನೊರ್ಬರ್ಟ್ ಮುಂದಿನ ಮನೆಗೆ ಹೇಳುವುದು. ಯಾರೂ ನಮ್ಮನ್ನು ಗದರಿಸಿದ್ದಿಲ್ಲ ಎನ್ನಿ. ಆದರೆ ಹಿಂದಿನ ವರ್ಷ ಇನ್ನೊಬ್ಬರ ಮನೆಯ ಮಾಲೀಕ, ಪ್ರತಿ ಶುಕ್ರವಾರ ಇಷ್ಟು ಜನ ಯಾಕೆ ಸೇರುತ್ತಾರೆಂದು ಕೇಳಿ ಮನೆ ಬಿಡಿಸಿದ್ದ. ಅಂದಿನಿಂದ ಕಾಸ್ಮಿರ್‌ಗೆ ನಿದ್ದೆ ಹತ್ತುತ್ತಿರಲಿಲ್ಲ. ಯಾಕೆಂದರೆ ನಮ್ಮ ಮಗಳು ನಟಾಶಾಳ ಪ್ರಥಮ ಪರಮಪ್ರಸಾದ, ಪೂಜೆಯ ಪ್ರಸಾದವನ್ನು ಮಗು ಮೊದಲ ಸಲ ಸ್ವೀಕರಿಸುವ ದಿನ, ಹತ್ತಿರ ಬಂದಿತ್ತು. ಅಪ್ಪನಿಗೆ ಅವಳೆಂದರೆ ಪ್ರಾಣ. ಅವತ್ತು ಯಾವ ಗಲಾಟೆಯೂ ಆಗಬಾರದು ಎಂಬುದೊಂದೇ ಅವರ ಜಪ.

ಅಂಥ ಹೊತ್ತಿನಲ್ಲಿ ಫಿನ್‌ಬಾರ್ ಬಂದರು.

ಲುಸೈಲ್‌ನಲ್ಲಿ ಆಗ ಬರೀ ಮರಳು, ಲಾರಿ, ಧೂಳು. ಅಲ್ಲಿದ್ದ ಕಾಸ್ಮಿರ್ ಅವರ ಕಂಪನಿಯ ಸೈಟಿಗೆ ಹೊಸ ಸೇಫ್ಟಿ ಆಫೀಸರ್ ಎಂದು ಬಂದ ಐರ್ಲೆಂಡಿನ ಮನುಷ್ಯ. ವಯಸ್ಸು ಅರವತ್ತರ ಹತ್ತಿರ, ಬೆನ್ನು ಮಾತ್ರ ಕೋಲಿನಷ್ಟು ನೇರ. ಅವರ ದೇಶದ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವರು. ಮೊದಲ ದಿನವೇ ಕಾಸ್ಮಿರ್ ಅವರ ಸ್ಟೋರಿಗೆ ನುಗ್ಗಿ, ಹೆಲ್ಮೆಟ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬಿರುಕು ಬಿಟ್ಟವನ್ನು ಹೊರಗೆ ಎಸೆದರಂತೆ. ತನ್ನ ಸ್ಟೋರಿಗೆ ಕೈ ಹಾಕಿದವನನ್ನು ಇವರು ಸುಮ್ಮನೆ ಬಿಡುತ್ತಾರೆಯೇ? ಮುಂದಿನ ಶುಕ್ರವಾರ ನೊರ್ಬರ್ಟ್ ಅದೇ ಮನುಷ್ಯನನ್ನು ಪೂಜೆಗೆ ಕರೆದುಕೊಂಡು ಬಂದಾಗ ನನ್ನ ಗಂಡನ ಮುಖ ಹುಳಿ ಕುಡಿದ ಹಾಗಾಯಿತು.

ಬಂದವರು ಒಳಗೆ ಕೂರಲಿಲ್ಲ. ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು, ರಸ್ತೆಗೆ ಮುಖ ಮಾಡಿ ನಿಂತರು. ನಮ್ಮೂರಿನಲ್ಲಿ ಫಾದರ್ ಅವರ ಪ್ರವಚನ ಶುರುವಾದರೆ ಗಂಡಸರು ಮೆಲ್ಲನೆ ಹೊರಗೆ ಜಾರುವುದುಂಟು, ಗಂಟೆ ಬಾರಿಸುವಾಗ ಒಳಗೆ ಓಡಿ ಬರುವುದೂ ಉಂಟು. ಈ ಮನುಷ್ಯ ಗಂಟೆಗೂ ಬರಲಿಲ್ಲ. ಕೊನೆಗೆ ಪ್ರಸಾದ ಸ್ವೀಕರಿಸಲು ಮಾತ್ರ ಬಂದು, ಮತ್ತೆ ಗೇಟಿಗೆ.

"ಪೂಜೆಗೆ ಬಂದವನು ಪೂಜೆಗೆ ಬೆನ್ನು ಹಾಕ್ತಾನಾ? ಕಾರಿನ ನಂಬರ್ ನೋಡಿಕೊಳ್ತಾ ಇದ್ದಾನೆ ಅವನು," ಎಂದರು ಕಾಸ್ಮಿರ್.

"ನಿಮ್ಮ ಕೊರೋಲಾ ನಂಬರ್ ಇಟ್ಕೊಂಡು ಅವರು ಎಂತ ಉಪ್ಪಿನಕಾಯಿ ಹಾಕ್ತಾರಾ?" ಎಂದೆ.

ಇನ್ನೊಂದು ಶುಕ್ರವಾರ ಪೊಲೀಸ್ ಜೀಪು ಬಂದು ಗೇಟಿನೆದುರು ನಿಂತಿತು. ಕಾಸ್ಮಿರ್ ಪರದೆಯ ಸಂದಿಯಿಂದ ನೋಡುತ್ತಿದ್ದರು, ನಾನು ಅವರ ಬೆನ್ನ ಹಿಂದೆ. ಫಿನ್‌ಬಾರ್ ಅರಬ್ಬಿಯಲ್ಲಿ ಪಟಪಟನೆ ಮಾತಾಡಿದರು. ಪೊಲೀಸ್ ನಕ್ಕ, ಇವರೂ ನಕ್ಕರು, ಜೀಪು ಹೋಯಿತು. ಆಮೇಲೆ ಒಳಗೆ ಬಂದು, "ನೊರ್ಬರ್ಟ್, ನಿಮ್ಮ ಕಾರು ಪಕ್ಕದವರ ದಾರಿಗೆ ಅಡ್ಡ ಇದೆಯಂತೆ, ತೆಗೆಯಿರಿ," ಎಂದರು.

"ಒಂದು ಕಾರು ತೆಗೆಸ್ಲಿಕ್ಕೆ ಅಷ್ಟು ನಗಾಡ್ಬೇಕಾ?" ಕಾಸ್ಮಿರ್ ನನ್ನ ಕಿವಿಯಲ್ಲಿ ಉಸುರಿದರು. "ಬಿಳಿಯನಿಗೆ ಈ ನಮೂನೆ ಅರಬ್ಬಿ ಎಲ್ಲಿಂದ ಬಂತು ರೋಸಿ? ಇದು ಬೇರೆಯೇ ಕೇಸು."

ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ. ಅವತ್ತೇ ಚಹಾ ಕೊಡುತ್ತ ನೇರ ಕೇಳಿದೆ. ಫಿನ್‌ಬಾರ್ ಬೇಸರಿಸದೆ ಹೇಳಿದರು. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಐರಿಷ್ ಸೈನಿಕರು ದಕ್ಷಿಣ ಲೆಬನಾನಿನ ಹಳ್ಳಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾವಲಿದ್ದರು. ಇವರೂ ಮತ್ತೆ ಮತ್ತೆ ಹೋಗಿಬಂದವರು, ಅರಬ್ಬಿ ಕಲಿತದ್ದು ಅಲ್ಲಿಯ ಅಂಗಡಿಯವರಿಂದ. ಅವರ ಅಜ್ಜ ಇಂಗ್ಲಿಷರ ಸೈನ್ಯ ಸೇರಿ ಮೊದಲ ಮಹಾಯುದ್ಧದಲ್ಲಿ ಜರ್ಮನರ ಮೇಲೆ ಗುಂಡು ಹಾರಿಸಿದವರು. ಅಜ್ಜನ ಸ್ವಂತ ತಮ್ಮ ಅದಾಗಿ ಎರಡೇ ವರ್ಷಕ್ಕೆ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಇಂಗ್ಲಿಷರ ಮೇಲೆಯೇ ಗುಂಡು ಹಾರಿಸಿದವರು.

"ಗೇಟಿನಲ್ಲಿ ಯಾಕೆ ನಿಲ್ಲುತ್ತೀರಿ?" ಎಂದೆ.

"ನಮ್ಮ ದೇಶದಲ್ಲಿ ನೂರಾರು ವರ್ಷದ ಹಿಂದೆ ಇಂಗ್ಲಿಷರು ನಮ್ಮ ಕ್ಯಾಥೋಲಿಕ್ ಪೂಜೆ ನಿಷೇಧಿಸಿದ್ದರಮ್ಮ. ಗುಡ್ಡದ ಬಂಡೆಯೊಂದರ ಮೇಲೆ ಪಾದ್ರಿ ಗುಟ್ಟಾಗಿ ಪೂಜೆ ಮಾಡುತ್ತಿದ್ದರು. ಸೈನಿಕರು ಬರುತ್ತಾರೋ ಎಂದು ಒಬ್ಬ ಬೆನ್ನು ತಿರುಗಿಸಿ ನಿಂತು ಕಾಯಬೇಕಿತ್ತು. ನಮ್ಮ ಕಡೆ ಅದು ನಮ್ಮ ಮನೆತನದ ಕೆಲಸವಾಗಿತ್ತಂತೆ, ಅಜ್ಜಿ ಹೇಳುತ್ತಿದ್ದಳು. ಇಲ್ಲಿ ನೀವು ಮೆಲ್ಲಗೆ ಹಾಡುವುದನ್ನು ಕೇಳಿದೆ. ನನಗೆ ಒಳಗೆ ಕೂರಲಾಗಲಿಲ್ಲ."

ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದೆ. ರಾತ್ರಿ ಅಡುಗೆ ಮಾಡುವಾಗ ಎಲ್ಲವನ್ನೂ ಕಾಸ್ಮಿರ್‌ಗೆ ಹೇಳಿದೆ. ಅವರು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು.

"ಅಣ್ಣ ಇಂಗ್ಲಿಷರ ಕಡೆ, ತಮ್ಮ ಅವರ ವಿರುದ್ಧ. ಒಂದೇ ಮನೆಯಲ್ಲಿ! ಅಂಥ ಮನೆಯವನನ್ನು ನಾನು ನಂಬಬೇಕಾ?"

"ನಿಮ್ಮ ಮನೆಯಲ್ಲಿ ಒಂದು ಇಲೆಕ್ಷನ್ನಿಗೆ ನಾಲ್ಕು ಪಾರ್ಟಿ. ನಾನು ನಿಮ್ಮನ್ನು ಕಟ್ಕೊಳ್ಲಿಲ್ವಾ?"

"ತಮಾಷೆ ಮಾಡ್ಬೇಡ ಮಾರಾಯ್ತಿ. ಕತೆ ಕಟ್ಟಿ ಹೇಳುದು ಸೈನ್ಯದವರಿಗೆ ಕಲಿಸ್ಬೇಕಾ? ನಟಾಶಾಳ ದಿನ ಅವನು ಇರಬಾರ್ದು, ಖಲಾಸ್."

ಮಗಳ ಹೆಸರೆತ್ತಿದ ಮೇಲೆ ನನ್ನ ಮಾತು ನಡೆಯಲಿಲ್ಲ. ಪೂಜೆಯನ್ನು ಗುಟ್ಟಾಗಿ ನಜ್ಮಾ ಬಡಾವಣೆಯಲ್ಲಿ ನೊರ್ಬರ್ಟ್ ಇದ್ದ ಫ್ಲ್ಯಾಟಿಗೆ ಬದಲಾಯಿಸಿದರು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಫಿನ್‌ಬಾರ್‌ಗೆ ಮಾತ್ರ ಹೇಳಕೂಡದೆಂದು ನೊರ್ಬರ್ಟ್‌ನಿಂದ ಮಾತು ತೆಗೆದುಕೊಂಡರು. ಆ ಪಾಪದವನು ತಲೆ ತಗ್ಗಿಸಿ ಹೂಂ ಅಂದ.

ಆ ಶುಕ್ರವಾರ ಬೆಳಿಗ್ಗೆ ಬೇಗನೆ ಮನೆ ಬಿಟ್ಟೆವು. ಕಾಸ್ಮಿರ್ ಅವರ ಬೀಗದ ಗಡಿಬಿಡಿಯಲ್ಲಿ ನಟಾಶಾಳ ಬಿಳಿ ಮುಸುಕು ಮಂಚದ ಮೇಲೆಯೇ ಉಳಿಯಿತು. ನಜ್ಮಾಕ್ಕೆ ಹೋದ ಮೇಲೆ ನೋಡಿದರೆ ಮುಸುಕಿಲ್ಲ, ಮಗಳ ಕಣ್ಣಲ್ಲಿ ನೀರು. ಬರುವ ತನಕ ಕಾಯುತ್ತೇನೆ ಎಂದರು ಫಾದರ್. ನಾವಿಬ್ಬರೂ ಕಾರು ತಿರುಗಿಸಿದೆವು.

ನಮ್ಮ ಗೇಟಿನಲ್ಲಿ ಫಿನ್‌ಬಾರ್ ನಿಂತಿದ್ದರು. ಇಸ್ತ್ರಿ ಮಾಡಿದ ಸೂಟು, ಎದೆಗೆ ಪದಕಗಳು, ತಲೆಗೆ ಆ ನೀಲಿ ಟೋಪಿ. ಬಿಸಿಲಿಗೆ ಕೆನ್ನೆ ಕೆಂಪಾಗಿ ಬೆವರು ಕಾಲರಿಗೆ ಇಳಿಯುತ್ತಿತ್ತು. ನಮ್ಮನ್ನು ಕಂಡು ದನಿ ತಗ್ಗಿಸಿ ಹೇಳಿದರು:

"ಯಾರೂ ಈ ಕಡೆ ಬಂದಿಲ್ಲ. ಫಾದರ್ ನಿಧಾನವಾಗಿ ಮುಗಿಸಲಿ ಅಂತ ಹೇಳಿ. ನೀವು ಹೊರಗೆ ಹೋಗಿದ್ದಿರೇ? ಬೇಗ ಒಳಗೆ ಹೋಗಿ, ಮಗುವಿಗೆ ಪ್ರಸಾದ ಕೊಡುವ ಹೊತ್ತಾಗಿರಬಹುದು."

ಅಯ್ಯೋ ದೇವರೇ! ಖಾಲಿ ಮನೆಯನ್ನು ಕಾಯುತ್ತಿದ್ದಾರೆ ಈ ಮನುಷ್ಯ. ಒಳಗೆ ಪೂಜೆ ನಡೆಯುತ್ತಿದೆ, ಕಾರುಗಳು ಎಂದಿನಂತೆ ದೂರದಲ್ಲಿವೆ, ಇವತ್ತು ಹಾಡು ಇನ್ನೂ ಮೆಲ್ಲಗಿದೆ ಎಂದುಕೊಂಡು ಕದ ಕೂಡ ತಟ್ಟಿಲ್ಲ. ಎಲ್ಲರಿಗೂ ಪ್ರಶ್ನೆ ಹಾಕುವ ನನ್ನ ಗಂಡ ತಾನೇ ಬೀಗ ಹಾಕಿದ ಬಾಗಿಲನ್ನು ನೋಡಿದರು. ಫಿನ್‌ಬಾರ್ ಕೂಡ ಆ ಬೀಗವನ್ನು ನೋಡಿದರು. ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡರು.

"ಓ, ಜಾಗ ಬದಲಾಯಿಸಿದಿರಿ," ಎಂದರು. "ಒಳ್ಳೆಯದೇ ಮಾಡಿದಿರಿ. ಗೊತ್ತಿಲ್ಲದವನನ್ನು ನಾನಾದರೂ ನಂಬುತ್ತಿರಲಿಲ್ಲ. ಆದರೆ ಅಲ್ಲಿ ಬಾಗಿಲಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ," ಎಂದರು ಕಾಸ್ಮಿರ್. ಹೋಗಿ ಕಾರಿನ ಬಾಗಿಲು ತೆರೆದು ಹಿಡಿದರು. "ಬನ್ನಿ, ಕಾರು ಹತ್ತಿ."

ನಾನು ಒಳಗೆ ಓಡಿ ಮುಸುಕು ತಂದೆ. ನಜ್ಮಾದಲ್ಲಿ ಇಳಿದದ್ದೇ ಫಿನ್‌ಬಾರ್ ಮೆಟ್ಟಿಲ ಬುಡದಲ್ಲಿ ಗೋಡೆಗೆ ಬೆನ್ನು ಕೊಟ್ಟರು. ಕಾಸ್ಮಿರ್ ಹೋಗಿ ಅವರ ತೋಳು ಹಿಡಿದರು.

"ನೀವು ಮೇಲೆ ಹೋಗಿ. ಇವತ್ತು ನಾನು ನಿಲ್ತೇನೆ."

"ಮಗಳು ನಿಮ್ಮವಳು."

"ಗೊತ್ತುಂಟು. ಹೋಗಿ ನೀವು."

ಮೇಲೆ ಎಲ್ಲರಿಗಿಂತ ಹಿಂದೆ, ಕಾಸ್ಮಿರ್‌ಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಫಿನ್‌ಬಾರ್ ಕುಳಿತರು. ಪೂಜೆ ಶುರುವಾದರೂ ಅವರ ಕತ್ತು ಮತ್ತೆ ಮತ್ತೆ ಬಾಗಿಲ ಕಡೆ ತಿರುಗುತ್ತಿತ್ತು. ನಾನು ಬಗ್ಗಿ ಹೇಳಿದೆ: "ಹೆದರಬೇಡಿ. ಕೆಳಗೆ ನನ್ನ ಗಂಡ ಇದ್ದಾರೆ. ಸ್ವಂತ ಭಾವನನ್ನೇ ಹತ್ತು ಪ್ರಶ್ನೆ ಕೇಳದೆ ಮನೆಯೊಳಗೆ ಬಿಟ್ಟವರಲ್ಲ ಅವರು."

ಅವರ ಭುಜಗಳು ನಗುವಿನಿಂದ ಕುಲುಕಿದವು. ಆಮೇಲೆ ಅವರು ಹಿಂದೆ ತಿರುಗಿ ನೋಡಲೇ ಇಲ್ಲ. ನೀಲಿ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಪೀಠವನ್ನೇ ನೋಡುತ್ತ ಕುಳಿತರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನಟಾಶಾ ಮುಸುಕು ಸರಿಮಾಡಿಕೊಂಡು ಎದ್ದು, ಒಮ್ಮೆ ಅಪ್ಪನಿಗಾಗಿ ಹುಡುಕಿ, ಫಾದರ್ ಮುಂದೆ ಪ್ರಸಾದಕ್ಕೆ ಬಾಯಿ ತೆರೆದಳು. ಅದನ್ನು ಅವಳಪ್ಪ ನೋಡಲಿಲ್ಲ. ಅವರು ಕೆಳಗೆ ದರ್ಜಿ ಅಂಗಡಿಯ ಪಕ್ಕ, ಸುಡುವ ಬಿಸಿಲಲ್ಲಿ, ರಸ್ತೆಗೆ ಮುಖ ಮಾಡಿ ನಿಂತಿದ್ದರು.